ಬೈಕ್ ಕ್ಲಚ್ ಹೊಂದಾಣಿಕೆ: ಎಂಜಿನ್ ಕಡೆಯಿಂದ ಶುರು ಮಾಡಿ, ಲಿವರ್ ಬಳಿ ಮುಗಿಸಿ

ಕ್ಲಚ್ ಸರಿಯಿಲ್ಲ ಎನ್ನಿಸಿದ ಕೂಡಲೇ ಬಹುತೇಕರ ಕೈ ಹೋಗುವುದು ಹ್ಯಾಂಡಲ್ ಬಳಿಯ ಅಡ್ಜಸ್ಟರ್‌ಗೆ. ಎರಡು ಸುತ್ತು ತಿರುಗಿಸುತ್ತಾರೆ, ಲಿವರ್ ಬಿಗಿಯಾಗುತ್ತದೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಏರು ದಾರಿಯಲ್ಲಿ ಎಂಜಿನ್ ಅರಚುತ್ತದೆ, ಬೈಕ್ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಬಿಚ್ಚಿ ನೋಡಿದರೆ ಪ್ಲೇಟುಗಳು ಸುಟ್ಟು ಕಪ್ಪಾಗಿರುತ್ತವೆ. ಆ ಪ್ಲೇಟುಗಳು ಸವೆದು ಹಾಳಾದವಲ್ಲ, ಕೈಯಾರೆ ಹಾಳು ಮಾಡಿದವು. ಹ್ಯಾಂಡಲ್ ಬಳಿಯ ಅಡ್ಜಸ್ಟರ್ ಇರುವುದು ಕೊನೆಯ ಕೂದಲೆಳೆಯಷ್ಟು ತಿದ್ದುಪಡಿಗೆ. ಅಲ್ಲಿಂದ ಶುರು ಮಾಡಿದವರು ದಾರಿ ತಪ್ಪುತ್ತಾರೆ.

ಕೇಬಲ್‌ನಿಂದ ನಡೆಯುವ, ಎಂಜಿನ್ ಆಯಿಲ್‌ನಲ್ಲಿ ಮುಳುಗಿರುವ, ಹಲವು ಪ್ಲೇಟುಗಳ ಕ್ಲಚ್‌ಗೆ ಈ ಮಾರ್ಗದರ್ಶಿ ಅನ್ವಯಿಸುತ್ತದೆ. ಗೇರ್ ಇರುವ ಸಾಮಾನ್ಯ ಬೈಕುಗಳಲ್ಲಿ ಹೆಚ್ಚಾಗಿ ಇರುವುದು ಇದೇ. ಗೇರಿಲ್ಲದ ಸ್ಕೂಟರ್‌ನ ಕ್ಲಚ್ ಬೇರೆ ಜಾತಿಯದು. ಕೇಬಲ್ ಬದಲು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಬಗ್ಗೆ ಕೊನೆಯ ಕಡೆಗೆ ಎರಡು ಮಾತು ಇದೆ.

## ಕೈ ಹಾಕುವ ಮೊದಲು: ಪ್ಲೇ ಎಂದರೆ ಏನು

ಲಿವರ್ ಹಿಡಿಯಲು ಶುರು ಮಾಡಿದಾಗ ಮೊದಲ ಸ್ವಲ್ಪ ದೂರ ಅದು ಹಗುರವಾಗಿ ಬರುತ್ತದೆ, ಆಮೇಲೆ ಸ್ಪ್ರಿಂಗ್‌ಗಳ ಭಾರ ಕೈಗೆ ತಿಳಿಯುತ್ತದೆ. ಆ ಹಗುರವಾದ ಓಡಾಟವೇ ಫ್ರೀ ಪ್ಲೇ. ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ 'ಪ್ಲೇ'.

ಲಿವರ್ ಕೇಬಲನ್ನು ಎಳೆಯುತ್ತದೆ, ಕೇಬಲ್ ಎಂಜಿನ್ ಮೇಲಿನ ಕ್ಲಚ್ ಆರ್ಮ್ ಅನ್ನು ತಿರುಗಿಸುತ್ತದೆ, ಆರ್ಮ್ ಒಳಗಿನ ಪುಷ್ ರಾಡ್ ಎಂಬ ಸರಳಿನ ಮೂಲಕ, ಪ್ಲೇಟುಗಳನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟನ್ನು ಸ್ಪ್ರಿಂಗ್‌ಗಳ ವಿರುದ್ಧ ಸರಿಸುತ್ತದೆ. ಆಗ ಪ್ಲೇಟುಗಳ ಮೇಲಿನ ಒತ್ತಡ ಹೋಗಿ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಸಂಬಂಧ ಬಿಡುತ್ತದೆ. ಲಿವರ್ ಬಿಟ್ಟಾಗ ಸ್ಪ್ರಿಂಗ್‌ಗಳ ಪೂರ್ತಿ ಬಲ ಪ್ಲೇಟುಗಳ ಮೇಲೆ ಬೀಳಬೇಕು. ಪ್ಲೇ ಇದ್ದರೆ ಮಾತ್ರ ಅದು ಖಚಿತ. ಪ್ಲೇ ಇಲ್ಲದ ಕ್ಲಚ್ ಎಂದರೆ ಸವಾರ ಇಡೀ ದಿನ ಲಿವರನ್ನು ಒಂದಿಷ್ಟು ಹಿಡಿದುಕೊಂಡೇ ಓಡಿಸಿದಂತೆ.

ಹೆಚ್ಚಿನವರು ಗಮನಿಸದ ಒಂದು ಸಂಗತಿ ಇಲ್ಲಿದೆ. ಕೇಬಲ್ ಹಿಗ್ಗಿದರೆ ಪ್ಲೇ ಹೆಚ್ಚುತ್ತದೆ. ಪ್ಲೇಟುಗಳು ಸವೆದರೆ ಸಾಮಾನ್ಯವಾಗಿ ಪ್ಲೇ ಕಡಿಮೆಯಾಗುತ್ತದೆ, ಏಕೆಂದರೆ ಪ್ಲೇಟುಗಳ ಅಟ್ಟಿ ತೆಳ್ಳಗಾದಂತೆ ಪ್ರೆಷರ್ ಪ್ಲೇಟ್ ಒಳಕ್ಕೆ ಸರಿದು ಪುಷ್ ರಾಡನ್ನು ತಳ್ಳುತ್ತದೆ. ಹಾಗಾಗಿ ಯಾರೂ ಮುಟ್ಟದೆ ಲಿವರ್ ತಾನಾಗಿ ಬಿಗಿಯಾಗುತ್ತಾ ಬಂದಿದ್ದರೆ ಪ್ಲೇಟುಗಳ ಕಡೆ ನೋಡಿ, ಸಡಿಲವಾಗುತ್ತಾ ಬಂದಿದ್ದರೆ ಕೇಬಲ್ ಕಡೆ ನೋಡಿ.

## ಸ್ಲಿಪ್ ಆಗುತ್ತಿದೆಯೋ, ಪೂರ್ತಿ ಬಿಡುತ್ತಿಲ್ಲವೋ?

ಎರಡೂ ಕಾಯಿಲೆಗಳ ಮದ್ದು ಒಂದಕ್ಕೊಂದು ತದ್ವಿರುದ್ಧ. ಗುರುತಿಸದೆ ಸ್ಪ್ಯಾನರ್ ಎತ್ತಿಕೊಳ್ಳಬೇಡಿ.

ಸ್ಲಿಪ್: ಮೇಲಿನ ಗೇರ್‌ನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ವೇಗ ಜಿಗಿಯುತ್ತದೆ, ಬೈಕಿನ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ. ಏರಿನಲ್ಲಿ, ಹಿಂದೆ ಒಬ್ಬರು ಕುಳಿತಾಗ ಇದು ಇನ್ನೂ ಸ್ಪಷ್ಟ. ಸುಟ್ಟ ವಾಸನೆ ಬರಬಹುದು. ಪ್ಲೇ ಇಲ್ಲದಿರುವುದು, ತಪ್ಪು ಆಯಿಲ್, ಸವೆದ ಪ್ಲೇಟು ಅಥವಾ ಬಲ ಕುಂದಿದ ಸ್ಪ್ರಿಂಗ್ ಕಾರಣ.

ಡ್ರ್ಯಾಗ್: ಲಿವರನ್ನು ಪೂರ್ತಿ ಹಿಡಿದರೂ ಮೊದಲ ಗೇರ್‌ನಲ್ಲಿ ಬೈಕ್ ಮುಂದಕ್ಕೆ ತೆವಳುತ್ತದೆ. ಗೇರ್ ಬೀಳುವಾಗ ದೊಡ್ಡ ಸದ್ದು. ನಿಂತಲ್ಲಿ ನ್ಯೂಟ್ರಲ್ ಸಿಗುವುದೇ ಇಲ್ಲ, ಎಂಜಿನ್ ಆರಿಸಿದ ತಕ್ಷಣ ಸಿಗುತ್ತದೆ. ಪ್ಲೇ ಅತಿಯಾಗಿರುವುದು, ಬಾಗಿದ ಸ್ಟೀಲ್ ಪ್ಲೇಟು, ಅಥವಾ ಪ್ಲೇಟುಗಳು ಕೂರುವ ಬುಟ್ಟಿಯಾಕಾರದ ಕ್ಲಚ್ ಬಾಸ್ಕೆಟ್‌ನ ಬೆರಳುಗಳಲ್ಲಿ ಬಿದ್ದ ಕಚ್ಚು ಕಾರಣ. ಬಹಳ ದಿನ ನಿಂತ ಬೈಕಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುವುದೂ ಉಂಟು.

## ಬೇಕಾಗುವ ಸಲಕರಣೆ

ಬರೀ ಹೊಂದಾಣಿಕೆಗೆ 8, 10, 12 ಮತ್ತು 14 ಮಿ.ಮೀ. ಸ್ಪ್ಯಾನರ್‌ಗಳು, ಒಂದು ಚಪ್ಪಟೆ ಸ್ಕ್ರೂಡ್ರೈವರ್, ಇಕ್ಕಳ, ಸ್ಕೇಲ್, ತೆಳು ಆಯಿಲ್, ಒಂದಿಷ್ಟು ಗ್ರೀಸ್ ಮತ್ತು ಒಣ ಬಟ್ಟೆ ಸಾಕು. ಬೈಕಿನ ಜೊತೆ ಬಂದ ಕೈಪಿಡಿ ಪಕ್ಕದಲ್ಲಿರಲಿ, ನಿಮ್ಮ ಮಾದರಿಯ ಅಳತೆ ಅದರಲ್ಲಿರುತ್ತದೆ. ಪ್ಲೇಟ್ ಬದಲಾಯಿಸುವುದಾದರೆ ಸಾಕೆಟ್ ಸೆಟ್, ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೀರಿ ಎಂದು ತೋರಿಸುವ ಸ್ಪ್ಯಾನರ್), ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಕವರ್ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್ ಕೂಡ ಬೇಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಪ್ಲೇಟಿನ ಕೆಲಸಕ್ಕೆ ಇಳಿಯಬೇಡಿ. ಕಾರಣ ಹಂತ 11ರಲ್ಲಿದೆ.

## ಮೊದಲ ಭಾಗ: ಹೊಂದಾಣಿಕೆ

### ಹಂತ 1: ತಣ್ಣಗಿರುವ ಎಂಜಿನ್‌ನಲ್ಲಿ ಪ್ಲೇ ಅಳೆಯಿರಿ

ಓಡಿಸಿ ಬಂದ ಕೂಡಲೇ ಈ ಕೆಲಸ ಮಾಡಬೇಡಿ. ಬಿಸಿಗೆ ಲೋಹ ಹಿಗ್ಗಿ ಅಳತೆ ಬದಲಾಗುತ್ತದೆ. ಕೆಲವು ಗಂಟೆ ಬಿಟ್ಟು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಅಥವಾ ಗಟ್ಟಿ ಸಮತಟ್ಟು ನೆಲದ ಮೇಲೆ ನಿಲ್ಲಿಸಿ.

ಲಿವರ್‌ನ ತುದಿಯ ಪಕ್ಕ ಸ್ಕೇಲ್ ಹಿಡಿದು, ಒಂದು ಬೆರಳಿನಿಂದ ಲಿವರನ್ನು ಮೆಲ್ಲಗೆ ಎಳೆಯಿರಿ. ಭಾರ ತಿಳಿಯುವವರೆಗೆ ತುದಿ ಎಷ್ಟು ಸರಿಯಿತು ನೋಡಿ. ಅನೇಕ ಬೈಕುಗಳಿಗೆ ತುದಿಯಲ್ಲಿ 10ರಿಂದ 20 ಮಿ.ಮೀ. ಹೇಳಿರುತ್ತಾರೆ. ಕೆಲವು ಕೈಪಿಡಿಗಳು ಲಿವರ್‌ನ ಬುಡದ ಸಂದಿನಲ್ಲಿ 2ರಿಂದ 3 ಮಿ.ಮೀ. ಎನ್ನುತ್ತವೆ. ಈ ಎರಡನ್ನು ಅದಲು ಬದಲು ಮಾಡಿಕೊಂಡು ತುದಿಯಲ್ಲಿ 2 ಮಿ.ಮೀ. ಮಾತ್ರ ಬಿಟ್ಟವರನ್ನು ನೋಡಿದ್ದೇನೆ. ಅದು ಪ್ಲೇಟುಗಳನ್ನು ಸುಡುವ ಅಳತೆ. ಎಲ್ಲಿ ಅಳೆಯಬೇಕು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಈಗ ಇರುವ ಅಳತೆಯನ್ನು ಕಾಗದದ ಮೇಲೆ ಬರೆದಿಡಿ. ಅಡ್ಜಸ್ಟರ್‌ಗಳು ಈಗಿರುವ ಸ್ಥಿತಿಯ ಫೋಟೊ ತೆಗೆದುಕೊಳ್ಳಿ.

### ಹಂತ 2: ಲಿವರ್ ಬಳಿ ಪೂರ್ತಿ ಸಡಿಲಿಸಿ

ಲಿವರ್ ಬಳಿಯ ರಬ್ಬರ್ ಮುಚ್ಚಳ ಸರಿಸಿ. ಎರಡು ಭಾಗ ಕಾಣುತ್ತವೆ: ತೆಳುವಾದ ಲಾಕ್ ನಟ್ ಮತ್ತು ಅಡ್ಜಸ್ಟರ್. ಲಾಕ್ ನಟ್ ಬಿಡಿಸಿ, ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿ. ಒಳಕ್ಕೆ ಹೋದಷ್ಟೂ ಕೇಬಲ್ ಸಡಿಲವಾಗುತ್ತದೆ, ಹೊರಕ್ಕೆ ಬಂದಷ್ಟೂ ಬಿಗಿಯಾಗುತ್ತದೆ. ಇಕ್ಕಳದಿಂದ ಕಚ್ಚಿ ತಿರುಗಿಸಬೇಡಿ, ಮೆದು ಲೋಹದ ಹಲ್ಲುಗಳು ತೇಯ್ದುಹೋಗುತ್ತವೆ. ಬಿಗಿದುಕೊಂಡಿದ್ದರೆ ಒಂದು ತೊಟ್ಟು ಆಯಿಲ್ ಬಿಟ್ಟು ಹತ್ತು ನಿಮಿಷ ಕಾಯಿರಿ.

### ಹಂತ 3: ಕೇಬಲ್ ಬಿಡಿಸಿ, ಪರೀಕ್ಷಿಸಿ, ಆಯಿಲ್ ಹಾಕಿ

ಅಡ್ಜಸ್ಟರ್, ಲಾಕ್ ನಟ್ ಮತ್ತು ಲಿವರ್ ಹಿಡಿಯ ಸೀಳುಗಳನ್ನು ಒಂದೇ ಸಾಲಿಗೆ ತಂದರೆ ಕೇಬಲ್ ಹೊರಗೆ ಜಾರುತ್ತದೆ. ನಂತರ ತುದಿಯ ಗುಂಡನ್ನು, ಅಂದರೆ ನಿಪ್ಪಲನ್ನು, ಲಿವರ್‌ನಿಂದ ಬಿಡಿಸಿ. ಸಡಿಲು ಸಾಲದಿದ್ದರೆ ಎಂಜಿನ್ ಕಡೆಯ ನಟ್‌ಗಳನ್ನೂ ಸಡಿಲಿಸಿ.

ಬೆಳಕಿನಲ್ಲಿ ನಿಪ್ಪಲ್‌ನ ಬುಡವನ್ನು ನೋಡಿ. ಕೇಬಲ್ ಸಾಮಾನ್ಯವಾಗಿ ಕಡಿಯುವುದು ಅಲ್ಲೇ. ಒಮ್ಮೆ ನನ್ನ ಬೈಕಿನ ನಿಪ್ಪಲ್ ಬುಡದಲ್ಲಿ ಮೂರು ಎಳೆಗಳು ಸಿಡಿದು ಮುಳ್ಳಿನಂತೆ ಎದ್ದು ನಿಂತಿದ್ದವು. ಉಳಿದ ಎಳೆಗಳು ಇನ್ನೂ ಒಂದು ವಾರ ಎಳೆಯುತ್ತವೆ ಎಂದುಕೊಂಡೆ. ಮೂರನೆಯ ದಿನ ನಾಲ್ಕು ರಸ್ತೆ ಕೂಡುವಲ್ಲಿ, ಬೈಕ್ ಮೊದಲ ಗೇರ್‌ನಲ್ಲಿದ್ದಾಗ ಕೇಬಲ್ ತುಂಡಾಯಿತು. ಎಂಜಿನ್ ಒಮ್ಮೆ ಜಗ್ಗಿ ಆರಿತು, ಹಿಂದಿನ ವಾಹನ ಒಂದು ಮೊಳದ ಅಂತರದಲ್ಲಿ ನಿಂತಿತು. ಅಂದಿನಿಂದ ಒಂದೇ ಎಳೆ ಕಡಿದಿದ್ದರೂ ಆ ಕೇಬಲನ್ನು ಮತ್ತೆ ಹಾಕುವುದಿಲ್ಲ. ನೀವೂ ಹಾಕಬೇಡಿ.

ಕೇಬಲ್ ಚೆನ್ನಾಗಿದ್ದರೆ ಆಯಿಲ್ ಹಾಕಿ. ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಚೂರು ಕತ್ತರಿಸಿ, ಹೊರಕವಚದ ಮೇಲ್ತುದಿಗೆ ಆಲಿಕೆಯಂತೆ ಟೇಪ್ ಸುತ್ತಿ ಕಟ್ಟಿ. ಅದರಲ್ಲಿ ಎರಡು ಚಮಚದಷ್ಟು ತೆಳು ಆಯಿಲ್ ಸುರಿದು, ಒಳಗಿನ ತಂತಿಯನ್ನು ಹಿಂದೆ ಮುಂದೆ ಆಡಿಸುತ್ತಿರಿ. ಕೆಳತುದಿಯಲ್ಲಿ ಮೊದಲು ಕಪ್ಪು ಕೊಳೆ ತೊಟ್ಟಿಕ್ಕುತ್ತದೆ, ಆಮೇಲೆ ಶುದ್ಧ ಆಯಿಲ್ ಬರುತ್ತದೆ. ಶುದ್ಧ ಆಯಿಲ್ ಕಾಣುವವರೆಗೆ ಬಿಡಬೇಡಿ. ಕವಚದೊಳಗೆ ಗ್ರೀಸ್ ತುಂಬಬೇಡಿ, ಅದು ಧೂಳನ್ನು ಹಿಡಿದು ಗಟ್ಟಿಯಾಗುತ್ತದೆ. ಒಳಗೆ ನೈಲಾನ್ ಅಥವಾ ಟೆಫ್ಲಾನ್ ಪದರ ಇರುವ ಕೇಬಲ್‌ಗೆ ಆಯಿಲ್ ಬೇಡ ಎಂದು ಕೈಪಿಡಿ ಹೇಳಿದ್ದರೆ ಅದನ್ನೇ ಪಾಲಿಸಿ.

ಲಿವರ್‌ನ ತಿರುಗುಮೊಳೆಯನ್ನೂ ಬಿಚ್ಚಿ ಒರೆಸಿ, ಇಲ್ಲಿ ಗ್ರೀಸ್ ಹಚ್ಚಿ. ಲಿವರ್ ನಿಧಾನವಾಗಿ ವಾಪಸು ಬರುತ್ತಿದೆ ಎಂಬ ದೂರಿಗೆ ಎಷ್ಟೋ ಸಲ ಈ ಒಣಗಿದ ಬೋಲ್ಟೇ ಕಾರಣ.

ವಾಪಸು ಜೋಡಿಸುವಾಗ ಕೇಬಲ್ ಮೊದಲಿದ್ದ ದಾರಿಯಲ್ಲೇ ಹೋಗಬೇಕು. ಚೂಪಾದ ತಿರುವು, ಸೈಲೆನ್ಸರ್ ಪೈಪಿನ ಸ್ಪರ್ಶ, ಹ್ಯಾಂಡಲ್ ತಿರುಗಿದಾಗ ಸಿಕ್ಕಿಕೊಳ್ಳುವ ಜಾಗ ಯಾವುದೂ ಇರಬಾರದು.

### ಹಂತ 4: ಒಳಗಿನ ಸ್ಕ್ರೂ (ನಿಮ್ಮ ಬೈಕಿನಲ್ಲಿ ಇದ್ದರೆ)

ಕೆಲವು ಬೈಕುಗಳಲ್ಲಿ ಕ್ಲಚ್ ಕವರ್‌ನ ಸಣ್ಣ ಮುಚ್ಚಳದ ಹಿಂದೆ, ಅಥವಾ ಪುಷ್ ರಾಡಿನ ತುದಿಯಲ್ಲಿ, ಲಾಕ್ ನಟ್ ಇರುವ ಒಂದು ಸ್ಕ್ರೂ ಇರುತ್ತದೆ. ಇಲ್ಲದಿದ್ದರೆ ನೇರವಾಗಿ ಹಂತ 5ಕ್ಕೆ ಹೋಗಿ.

ಕೇಬಲ್ ಪೂರ್ತಿ ಸಡಿಲವಾಗಿರುವಾಗಲೇ ಇದನ್ನು ಮಾಡಬೇಕು. ಲಾಕ್ ನಟ್ ಬಿಡಿಸಿ, ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತಾ ಹೋಗಿ. ಒಂದು ಹಂತದಲ್ಲಿ ಅದು ಪುಷ್ ರಾಡಿಗೆ ತಗುಲಿ ಗಟ್ಟಿಯಾಗುತ್ತದೆ. ಅಲ್ಲಿ ನಿಲ್ಲಿಸಿ, ಒತ್ತಬೇಡಿ. ಅಲ್ಲಿಂದ ಹಿಂದಕ್ಕೆ ಕಾಲು ಸುತ್ತಿನಿಂದ ಅರ್ಧ ಸುತ್ತು ಬಿಡುವುದು ವಾಡಿಕೆ. ದಿಕ್ಕು ಮತ್ತು ಪ್ರಮಾಣ ನಿಮ್ಮ ಕೈಪಿಡಿಯದ್ದೇ ಅಂತಿಮ. ಸ್ಕ್ರೂ ಅಲುಗದಂತೆ ಸ್ಕ್ರೂಡ್ರೈವರ್‌ನಿಂದ ಹಿಡಿದುಕೊಂಡು ಲಾಕ್ ನಟ್ ಬಿಗಿ ಮಾಡಿ. ನಟ್ ಬಿಗಿಯುವಾಗ ಸ್ಕ್ರೂ ಕೂಡ ಜೊತೆಗೆ ತಿರುಗಿದರೆ ಮಾಡಿದ ಹೊಂದಾಣಿಕೆ ಕೆಡುತ್ತದೆ, ಬಿಗಿದ ಮೇಲೆ ಇನ್ನೊಮ್ಮೆ ನೋಡಿ.

### ಹಂತ 5: ಎಂಜಿನ್ ಕಡೆಯ ಅಡ್ಜಸ್ಟರ್

ದೊಡ್ಡ ಹೊಂದಾಣಿಕೆ ನಡೆಯುವುದು ಇಲ್ಲಿ. ಕೇಬಲ್ ಎಂಜಿನ್ ತಲುಪುವ ಜಾಗದಲ್ಲಿ ಬ್ರಾಕೆಟ್‌ನ ಎರಡೂ ಕಡೆ ನಟ್‌ಗಳಿರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬಿಗಿದರೆ ಹೊರಕವಚ ಹಿಂದೆ ಮುಂದೆ ಸರಿಯುತ್ತದೆ.

ಕೆಲವು ಎಂಜಿನ್‌ಗಳಲ್ಲಿ ಕ್ಲಚ್ ಆರ್ಮ್ ಮೇಲೆ ಮತ್ತು ಎಂಜಿನ್ ಮೇಲೆ ಗುರುತುಗಳಿವೆ. ಆರ್ಮ್ ಅನ್ನು ಬೆರಳಿನಿಂದ ತಳ್ಳಿ, ಅದು ತಡೆಯಾದ ಜಾಗದಲ್ಲಿ ಗುರುತುಗಳು ಎದುರುಬದುರು ಬರುತ್ತವೆಯೇ ನೋಡಿ. ಬಾರದಿದ್ದರೆ ಹಂತ 4ಕ್ಕೆ ಮರಳಿ. ಗುರುತಿಲ್ಲದಿದ್ದರೆ ಇನ್ನೊಂದು ಲಕ್ಷಣ ಇದೆ: ಲಿವರನ್ನು ಅರ್ಧ ಹಿಡಿದಾಗ ಕೇಬಲ್ ಮತ್ತು ಆರ್ಮ್ ನಡುವೆ ಸುಮಾರು 90 ಡಿಗ್ರಿ ಕೋನ ಇರಬೇಕು. ಕೋನ ಬಹಳ ಓರೆಯಾಗಿದ್ದರೆ ಕೈಗೆ ಭಾರ ಹೆಚ್ಚು.

ಲಿವರ್ ಬಳಿ ಪ್ಲೇ ಬೇಕಾದ ಅಳತೆಗಿಂತ ತುಸು ಹೆಚ್ಚೇ ಇರುವಂತೆ ಇಲ್ಲಿ ನಿಲ್ಲಿಸಿ, ಎರಡೂ ನಟ್‌ಗಳನ್ನು ಬಿಗಿ ಮಾಡಿ.

### ಹಂತ 6: ಈಗ ಲಿವರ್ ಬಳಿ

ಅಡ್ಜಸ್ಟರನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ, ಪ್ರತಿ ಸಲ ಅಳೆಯಿರಿ. ಅಳತೆ ಬಂದ ಮೇಲೆ ಲಾಕ್ ನಟ್ ಕೂರಿಸಿ. ಸೀಳುಗಳು ಒಂದೇ ಸಾಲಿನಲ್ಲಿ ಉಳಿಯದಂತೆ ನೋಡಿಕೊಳ್ಳಿ, ಉಳಿದರೆ ಕೇಬಲ್ ಜಾರಬಹುದು, ನೀರೂ ಇಳಿಯುತ್ತದೆ. ರಬ್ಬರ್ ಮುಚ್ಚಳ ವಾಪಸು ಹಾಕಿ.

ಅಡ್ಜಸ್ಟರ್‌ನ ಮರೆಗಳು (ತಿರುಪಿನ ಸುರುಳಿ ಗೆರೆಗಳು) ಅರ್ಧಕ್ಕಿಂತ ಹೆಚ್ಚು ಹೊರಗೆ ಕಾಣುತ್ತಿದ್ದರೆ ಮುಂದೆ ಹೋಗಬೇಡಿ. ಹಂತ 5 ಸರಿಯಾಗಿಲ್ಲ, ಇಲ್ಲವೇ ಕೇಬಲ್ ಹಿಗ್ಗಿ ಮುಗಿದಿದೆ. ಅಷ್ಟು ಹೊರಗೆ ಬಂದ ಅಡ್ಜಸ್ಟರ್ ಬಾಗಿ ಮುರಿಯುತ್ತದೆ.

### ಹಂತ 7: ಪರೀಕ್ಷೆ

ಮೂರು ಪರೀಕ್ಷೆ, ಇದೇ ಕ್ರಮದಲ್ಲಿ.

ಎಂಜಿನ್ ಶುರು ಮಾಡುವ ಮೊದಲು ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಪ್ಲೇ ನೋಡಿ. ಒಂದು ಕಡೆ ಪ್ಲೇ ಮಾಯವಾದರೆ ಕೇಬಲ್ ಹಾದಿ ತಪ್ಪಿದೆ. ಇದನ್ನು ಬಿಟ್ಟು ರಸ್ತೆಗೆ ಇಳಿಯುವುದು ಅಪಾಯ, ತಿರುವಿನಲ್ಲಿ ಕ್ಲಚ್ ತಾನಾಗಿ ಬಿಡಬಹುದು.

ಎರಡನೆಯದು, ಎಂಜಿನ್ ಓಡುತ್ತಿರುವಾಗ ಮುಂದಿನ ಬ್ರೇಕ್ ಹಿಡಿದು, ಕ್ಲಚ್ ಹಿಡಿದು ಮೊದಲ ಗೇರ್ ಹಾಕಿ. ಮುಂದೆ ಯಾರೂ ಇರಬಾರದು. ಬ್ರೇಕನ್ನು ನಿಧಾನವಾಗಿ ಸಡಿಲಿಸಿ. ಬೈಕ್ ತೆವಳಬಾರದು. ಆಯಿಲ್ ತಣ್ಣಗಿರುವಾಗ ತುಸು ಎಳೆತ ಸಹಜ, ಎಂಜಿನ್ ಬೆಚ್ಚಗಾದ ಮೇಲೂ ಉಳಿದರೆ ಅದು ಡ್ರ್ಯಾಗ್.

ಮೂರನೆಯದು ಖಾಲಿ ರಸ್ತೆಯಲ್ಲಿ. ಮೇಲಿನ ಗೇರ್‌ನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಚೆನ್ನಾಗಿ ತೆರೆಯಿರಿ. ಎಂಜಿನ್ ಸದ್ದು ಮತ್ತು ವೇಗ ಜೊತೆಜೊತೆಗೆ ಏರಬೇಕು. ಸದ್ದು ಮುಂದೆ ಓಡಿ ವೇಗ ಹಿಂದೆ ಉಳಿದರೆ ಸ್ಲಿಪ್ ಇನ್ನೂ ಇದೆ. ಬ್ರೇಕ್ ಒತ್ತಿ ಹಿಡಿದು, ನಿಂತಲ್ಲೇ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಪರೀಕ್ಷಿಸುವ ಅಭ್ಯಾಸ ಬಿಡಿ. ಕೆಲವೇ ಕ್ಷಣಗಳಲ್ಲಿ ಪ್ಲೇಟುಗಳು ಕಾಯುತ್ತವೆ.

## ಆಯಿಲ್: ಸ್ಪ್ಯಾನರ್‌ಗೆ ಸಿಗದ ಕಾರಣ

ಹೊಂದಾಣಿಕೆ ಸರಿಯಿದ್ದೂ ಸ್ಲಿಪ್ ಇದ್ದರೆ, ಕಳೆದ ಸಲ ಯಾವ ಆಯಿಲ್ ಹಾಕಿದಿರಿ ನೆನಪಿಸಿಕೊಳ್ಳಿ. ಈ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಕಾರುಗಳಿಗೆ ಮಾಡಿದ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುತ್ತವೆ. ಕಾರಿನ ಎಂಜಿನ್‌ಗೆ ಒಳ್ಳೆಯದಾದ ಅದೇ ಗುಣ ಕ್ಲಚ್ ಪ್ಲೇಟುಗಳನ್ನು ಜಾರಿಸುತ್ತದೆ. ಡಬ್ಬಿಯ ಮೇಲೆ 'ಜಾಸೊ ಎಂಎ' (JASO MA) ಅಥವಾ 'ಜಾಸೊ ಎಂಎ2' (JASO MA2) ಎಂದಿರಬೇಕು, ಜಾಸೊ ಎಂದರೆ ಜಪಾನಿನ ವಾಹನ ಗುಣಮಟ್ಟದ ಗುರುತು. 'ಜಾಸೊ ಎಂಬಿ' ಎಂದಿದ್ದರೆ ಅದು ಕಡಿಮೆ ಘರ್ಷಣೆಯ ಆಯಿಲ್, ಒಣ ಕ್ಲಚ್‌ನ ಸ್ಕೂಟರ್‌ಗಳಿಗೆ ಹೊಂದುತ್ತದೆ, ಈ ಕ್ಲಚ್‌ಗೆ ಬೇಡ. ಪ್ಲೇಟ್ ಬಿಚ್ಚುವ ಮೊದಲು ಸರಿಯಾದ ಆಯಿಲ್ ಬದಲಾಯಿಸಿ ನೋಡಿ, ಕೆಲವೊಮ್ಮೆ ಅಷ್ಟರಲ್ಲೇ ಗುಣವಾಗುತ್ತದೆ.

## ಎರಡನೆಯ ಭಾಗ: ಪ್ಲೇಟುಗಳನ್ನು ಬದಲಾಯಿಸುವುದು

ಪ್ಲೇ ಸರಿ, ಆಯಿಲ್ ಸರಿ, ಆದರೂ ಸ್ಲಿಪ್ ಇದೆ ಎಂದಾದರೆ ಮಾತ್ರ ಇಲ್ಲಿಗೆ ಬನ್ನಿ.

### ಹಂತ 8: ಕವರ್ ತೆಗೆಯುವುದು

ಆಯಿಲ್ ಇಳಿಸಿ, ಕೇಬಲ್ ಬಿಡಿಸಿ. ಕಿಕ್ಕರ್, ಬ್ರೇಕ್ ಪೆಡಲ್ ಅಡ್ಡ ಬಂದರೆ ತೆಗೆಯಿರಿ. ಕವರ್‌ನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ತುಂಡಿನ ಮೇಲೆ ಕವರ್‌ನ ಆಕಾರ ಬರೆದು, ಪ್ರತಿ ಬೋಲ್ಟನ್ನು ಅದರ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಎಂಜಿನ್ ಕೇಸೇ ಸೀಳಬಹುದು. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಗೀರು ಬಿದ್ದು ಆಯಿಲ್ ಸೋರುತ್ತದೆ.

### ಹಂತ 9: ಬಿಚ್ಚುವ ಕ್ರಮ

ಸ್ಪ್ರಿಂಗ್ ಬೋಲ್ಟುಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚಬಾರದು. ಎದುರುಬದುರಾಗಿ, ಪ್ರತಿಯೊಂದನ್ನೂ ಅರ್ಧರ್ಧ ಸುತ್ತು ಬಿಡುತ್ತಾ ಬನ್ನಿ. ಪ್ಲೇಟುಗಳು ಬಂದ ಕ್ರಮದಲ್ಲೇ ಸಾಲಾಗಿ ಜೋಡಿಸಿ ಫೋಟೊ ತೆಗೆಯಿರಿ. ಮೊದಲ ಅಥವಾ ಕೊನೆಯ ಪ್ಲೇಟ್ ಬೇರೆ ಅಳತೆಯದಾಗಿರಬಹುದು, ಅಥವಾ ಬಾಸ್ಕೆಟ್‌ನ ಬೇರೆ ಸೀಳಿನಲ್ಲಿ ಕೂರುವುದಾಗಿರಬಹುದು.

### ಹಂತ 10: ಅಳೆಯುವುದು

ಘರ್ಷಣೆಯ ಪದರ ಅಂಟಿಸಿದ ಫ್ರಿಕ್ಷನ್ ಪ್ಲೇಟಿನ ದಪ್ಪವನ್ನು ನಾಲ್ಕು ಕಡೆ ವರ್ನಿಯರ್‌ನಿಂದ ಅಳೆಯಿರಿ. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು, ಅಂಚಿನ ಕೆಳಗೆ ಫೀಲರ್ ಗೇಜ್ ಹೋಗುತ್ತದೆಯೇ ನೋಡಿ. ಹೋದರೆ ಪ್ಲೇಟ್ ಬಾಗಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅತಿಯಾಗಿ ಕಾದಿದೆ. ಸ್ಪ್ರಿಂಗ್‌ನ ಉದ್ದ ಕೈಪಿಡಿಯ ಮಿತಿಗಿಂತ ಕಡಿಮೆ ಇದ್ದರೆ ಇಡೀ ಸೆಟ್ ಬದಲಾಯಿಸಿ, ಒಂದನ್ನೇ ಅಲ್ಲ.

ಬಾಸ್ಕೆಟ್‌ನ ಬೆರಳುಗಳ ಮೇಲೆ ಉಗುರು ಆಡಿಸಿ. ಉಗುರು ಕಚ್ಚಿನಲ್ಲಿ ಸಿಕ್ಕಿಕೊಂಡರೆ ಪ್ಲೇಟುಗಳೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಹೊಸ ಪ್ಲೇಟ್ ಹಾಕಿದ ಮೇಲೂ ಡ್ರ್ಯಾಗ್ ಹೋಗಲಿಲ್ಲ ಎನ್ನುವವರು ಬಹಳಷ್ಟು ಸಲ ಬಿಟ್ಟಿರುವುದು ಈ ಪರೀಕ್ಷೆಯನ್ನು.

### ಹಂತ 11: ಜೋಡಿಸುವುದು

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಒಣದಾಗಿ ಹಾಕಬಾರದು. ಹಿಂದಿನ ರಾತ್ರಿಯೇ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಿ. ಒಂದು ಫ್ರಿಕ್ಷನ್, ಒಂದು ಸ್ಟೀಲ್, ಹೀಗೆ ಫೋಟೊ ನೋಡುತ್ತಾ ಜೋಡಿಸಿ.

ಈಗ ಪ್ರೆಷರ್ ಪ್ಲೇಟ್. ಇಲ್ಲಿ ಆತುರ ಮಾಡಬೇಡಿ. ಅದರ ಹಲ್ಲುಗಳು ಬಾಸ್ಕೆಟ್‌ನ ಮಧ್ಯದಲ್ಲಿರುವ ಹಬ್‌ನ ಹಲ್ಲುಗಳಲ್ಲಿ ಕೂರಬೇಕು. ಸರಿಯಾಗಿ ಕೂತಾಗ ಅದು 'ಟಕ್' ಎಂದು ಒಳಕ್ಕೆ ಇಳಿಯುತ್ತದೆ, ಬೆರಳಿನಿಂದ ಒತ್ತಿದರೆ ತೂಗಾಡುವುದಿಲ್ಲ, ಪ್ಲೇಟುಗಳ ನಡುವೆ ಸಂದು ಕಾಣುವುದಿಲ್ಲ. ಕೂರದೆ ಹಲ್ಲಿನ ಮೇಲೆ ಹಲ್ಲು ನಿಂತಿದ್ದಾಗ ಬೋಲ್ಟ್ ಬಿಗಿದರೆ ಪ್ರೆಷರ್ ಪ್ಲೇಟ್ ಸೀಳುತ್ತದೆ. ಸ್ವಲ್ಪ ತಿರುಗಿಸಿ, ಮತ್ತೆ ಕೂರಿಸಿ, ಕೂತಿದೆ ಎಂದು ಕಣ್ಣಾರೆ ಕಂಡ ಮೇಲೆ ಮಾತ್ರ ಸ್ಪ್ರಿಂಗ್ ಹಾಕಿ.

ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ, ಕೊನೆಗೆ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ತನ್ನಿ. ಈ ಸಣ್ಣ ಬೋಲ್ಟುಗಳಿಗೆ ಬೇಕಾದ ಬಲ ಬಹಳ ಕಡಿಮೆ, ಅವು ಕೂರುವುದು ಮೆದು ಅಲ್ಯೂಮಿನಿಯಂನಲ್ಲಿ. ಕೈ ಅಂದಾಜಿನಲ್ಲಿ ಬಿಗಿದವರ ಎಂಜಿನ್‌ನಲ್ಲಿ ಮರೆ ಕಿತ್ತುಬಂದದ್ದನ್ನು ಕಂಡಿದ್ದೇನೆ, ಹೊಸ ಹಬ್ ಹಾಕದೆ ದಾರಿಯಿರಲಿಲ್ಲ.

### ಹಂತ 12: ಮುಚ್ಚುವುದು

ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ, ಎಂಜಿನ್ ಒಳಗೆ ಬೀಳದಂತೆ ಬಟ್ಟೆ ಅಡ್ಡ ಇಡಿ. ಕವರನ್ನು ಸರಿಯಾದ ಜಾಗದಲ್ಲಿ ಹಿಡಿಯುವ ಡೋವೆಲ್ ಪಿನ್‌ಗಳು ಜಾಗದಲ್ಲಿವೆಯೇ ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ ಕವರ್ ಮುಚ್ಚಿ, ಆಯಿಲ್ ತುಂಬಿ. ಆಮೇಲೆ ಹಂತ 1ರಿಂದ 7ರವರೆಗೆ ಮತ್ತೆ ಮಾಡಿ. ಹೊಸ ಪ್ಲೇಟುಗಳ ದಪ್ಪ ಬೇರೆ, ಹಳೆಯ ಹೊಂದಾಣಿಕೆ ಇವಕ್ಕೆ ಹೊಂದುವುದಿಲ್ಲ.

## ಹೈಡ್ರಾಲಿಕ್ ಕ್ಲಚ್ ಇದ್ದರೆ

ಇದರಲ್ಲಿ ಕೇಬಲ್ ಇಲ್ಲ, ಪ್ಲೇಟಿನ ಸವೆತವನ್ನು ಅದು ತಾನೇ ಸರಿದೂಗಿಸಿಕೊಳ್ಳುತ್ತದೆ. ನೀವು ನೋಡಬೇಕಾದದ್ದು ದ್ರವದ ಮಟ್ಟ ಮತ್ತು ಬಣ್ಣ. ಹೆಚ್ಚಿನವು ಬ್ರೇಕ್ ದ್ರವ ಬಳಸುತ್ತವೆ, ಕೆಲವು ಖನಿಜ ತೈಲ ಬಳಸುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಸುರಿದರೆ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ, ಬೈಕಿನ ಮೇಲಿನ ದ್ರವದ ಡಬ್ಬಿಯ ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಿ. ಲಿವರ್ ಮೆತ್ತಗೆ ಸ್ಪಂಜಿನಂತೆ ಅನ್ನಿಸಿದರೆ ಒಳಗೆ ಗಾಳಿ ಸೇರಿದೆ.

## ಆಮೇಲಿನ ಕೆಲವು ವಾರ

ಹೊಸ ಕೇಬಲ್ ಮೊದಲ ದಿನಗಳಲ್ಲಿ ಹಿಗ್ಗುತ್ತದೆ, ಹೊಸ ಪ್ಲೇಟುಗಳು ಮೊದಲ ಓಟದಲ್ಲಿ ಕೂರುತ್ತವೆ. ಸುಮಾರು 100 ಕಿ.ಮೀ. ಆದ ಮೇಲೆ, ಮತ್ತೆ 500 ಕಿ.ಮೀ. ಆಸುಪಾಸಿನಲ್ಲಿ ತಣ್ಣಗಿನ ಎಂಜಿನ್‌ನಲ್ಲಿ ಪ್ಲೇ ಅಳೆದು, ಹಂತ 1ರಲ್ಲಿ ಬರೆದಿಟ್ಟ ಕಾಗದದಲ್ಲೇ ಕೆಳಗೆ ಬರೆಯಿರಿ. ಪ್ಲೇ ಸ್ವಲ್ಪ ಬದಲಾಗಿದ್ದರೆ ಲಿವರ್ ಬಳಿಯ ಅಡ್ಜಸ್ಟರ್‌ನಿಂದ ತಿದ್ದಿ, ಈ ಅಡ್ಜಸ್ಟರ್ ಇರುವುದು ಇಷ್ಟಕ್ಕೇ. ಮುಂದಿನ ಆಯಿಲ್ ಬದಲಾವಣೆಯಲ್ಲಿ ಹಳೆಯ ಆಯಿಲನ್ನು ಬೆಳಕಿಗೆ ಹಿಡಿದು ನೋಡಿ. ಮಿನುಗುವ ಅಲ್ಯೂಮಿನಿಯಂ ಪುಡಿ ಹೇರಳವಾಗಿ ಕಂಡರೆ, ಸುಟ್ಟ ವಾಸನೆ ಬಂದರೆ, ಅಥವಾ ಕ್ಲಚ್ ಹಿಡಿದಾಗ ಬರುವ ಸದ್ದು ಬಿಟ್ಟಾಗ ನಿಂತರೆ ಓಡಿಸುವುದನ್ನು ನಿಲ್ಲಿಸಿ ಕವರ್ ಮತ್ತೆ ತೆಗೆಯಿರಿ. ಆ ಸದ್ದಿಗೆ ಪುಷ್ ರಾಡಿನ ಬೇರಿಂಗ್ ಸವೆದಿರುವುದು ಸಾಮಾನ್ಯ ಕಾರಣ.